ಮಣ್ಣಿಗೆ ಹೋಗಬೇಕಾದ ದೇಹ ಮೇಜಿಗೆ ಬಂತು

ಬೈಲಹೊಂಗಲದಲ್ಲಿ ರಾಣಿ ಚನ್ನಮ್ಮನ ಸಮಾಧಿ ಇದೆ. ಅಲ್ಲಷ್ಟೇ ಅಲ್ಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯೂ ಅಂತ್ಯಕ್ರಿಯೆ ಎಂದರೆ ಬಹುತೇಕ ‘ಮಣ್ಣು ಮಾಡೋದು’. ಲಿಂಗಾಯತರಲ್ಲಿ ಸತ್ತವರನ್ನು ಕುಣಿಯೊಳಗೆ ಕೂಡ್ರಿಸಿಯೇ ಮಣ್ಣು ಕೊಡುತ್ತಾರೆ.

ಕೂತ ದೇಹದ ಭಾರ ಬೀಳುವುದು ಕುಂಡಿಯೊಳಗಿನ ಎರಡು ಎಲುಬಿನ ಗಡ್ಡೆಗಳ ಮೇಲೆ. ಗಟ್ಟಿ ನೆಲದಲ್ಲಿ ಕೂತು ಅಡಿಗೆ ಅಂಗೈ ಇಟ್ಟರೆ ಸಿಗುತ್ತವೆ. ಈ ಎರಡು, ಮುಂದೆ ಕಿಬ್ಬೊಟ್ಟೆಯ ಕೆಳಗಿನ ಎಲುಬಿನ ಕೂಡು, ಹಿಂದೆ ಬಾಲಮೂಳೆಯ ತುದಿ. ನಾಲ್ಕನ್ನೂ ಗೆರೆಯಿಂದ ಸೇರಿಸಿದರೆ ಇಸ್ಪೀಟಿನ ಡೈಮಂಡ್. ಅದೇ ಶ್ರೋಣಿಯ, ಅಂದರೆ ಸೊಂಟದ ಎಲುಬುಗೂಡಿನ, ಕೆಳಬಾಗಿಲು. ಸಿಸೇರಿಯನ್ನಿನವರನ್ನು ಬಿಟ್ಟರೆ ನಾವೆಲ್ಲ ಅದೇ ಬಾಗಿಲಿನಿಂದ ಬಂದವರು, ಆದರೂ ಅದರ ಮಾತೆತ್ತಲು ನಾಚುತ್ತೇವೆ.

ಅದರ ಅಡ್ಡಳತೆ ಸುಮಾರು 11 ಸೆಂ.ಮೀ. ಹೆರಿಗೆಯಲ್ಲಿ ಬಾಲಮೂಳೆ ಹಿಂದಕ್ಕೆ ಬಾಗಿ ಉದ್ದಳತೆ ಒಂದೆರಡು ಸೆಂ.ಮೀ. ಹಿಗ್ಗುತ್ತದೆ. ಸೂಲಗಿತ್ತಿಯರು ಇದನ್ನು ಕೈಯಿಂದಲೇ ಅರಿತಿದ್ದರು. ವೈದ್ಯ ವಿದ್ಯಾರ್ಥಿಗೆ ಮಾತ್ರ ಇದು ಪೀಕಲಾಟದ ಪಾಠ. ಪುಸ್ತಕದ ಚಿತ್ರದಲ್ಲಿ ಚಪ್ಪಟೆಯಾಗಿ ಕಾಣುವ ಡೈಮಂಡ್, ನಿಜದಲ್ಲಿ ನಡುವೆ ಮಡಚಿದ ಎರಡು ತ್ರಿಕೋನ. ಮೇಲೆ ಜೋಳಿಗೆಯಂತೆ ಇಳಿಬಿದ್ದ ಸ್ನಾಯು. ಪುಡೆಂಡಲ್ ಎಂಬ ನರ ಮುಳ್ಳಿನಂಥ ಎಲುಬೊಂದರ ಹಿಂದಿನಿಂದ ಸುತ್ತಿ ಒಳಗೆ ಬರುತ್ತದೆ. ಹೆರಿಗೆಯಲ್ಲಿ ಆ ನರಕ್ಕೆ ಮರಗಟ್ಟಿಸುವ ಸೂಜಿ ಕೊಡುವಾಗ ವೈದ್ಯರ ಬೆರಳು ತಡಕುವುದು ಆ ಮುಳ್ಳನ್ನೇ. ಅದು ಚಿತ್ರ ನೋಡಿ ಬರುವ ವಿದ್ಯೆಯಲ್ಲ.

ದೇಹವನ್ನೇ ನೋಡಿ ಕಲಿಯಬೇಕೆಂಬುದನ್ನು ಸುಶ್ರುತ ಬಲ್ಲ. ಹೆಣವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಮೆಲ್ಲಗೆ ಹರಿಯುವ ನೀರಿನಲ್ಲಿ ಏಳು ರಾತ್ರಿ ಕೊಳೆಸಿ, ಲಾವಂಚದ ಬೇರು, ಬಿದಿರಿನ ಕುಂಚಗಳಿಂದ ಪದರು ಪದರಾಗಿ ಉಜ್ಜಿ ನೋಡಿ ಎಂದ. ಆಮೇಲೆ ಶತಮಾನಗಳ ಕಾಲ ಮೈಲಿಗೆಯ ಭಯವೇ ಗೆದ್ದಿತು. 1836ರಲ್ಲಿ ಕಲ್ಕತ್ತೆಯಲ್ಲಿ ಮಧುಸೂದನ ಗುಪ್ತ ಶವ ಕೊಯ್ದದ್ದು ದೊಡ್ಡ ಸುದ್ದಿ. ನಮ್ಮ ರಾಜ್ಯದ 1957ರ ಅಂಗರಚನಾ ಕಾಯ್ದೆ ಬಂದ ಮೇಲೂ ಕಾಲೇಜುಗಳ ಮೇಜಿಗೆ ಬರುತ್ತಿದ್ದುದು ಹೆಚ್ಚಾಗಿ ಯಾರೂ ಕೇಳದ ಅನಾಥ ಶವಗಳು.

ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ಅನಾಥರಾಗಿರಲಿಲ್ಲ. 2008ರಲ್ಲಿ ತೀರಿಕೊಳ್ಳುವ ಮುಂಚೆಯೇ ದೇಹದಾನ ಬರೆದಿಟ್ಟಿದ್ದರು. ಕೊಯ್ಯುವವನು ತಮ್ಮ ಮಗನೇ ಆಗಬೇಕೆಂಬುದು ಅವರ ಆಸೆ. ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆಎಲ್‌ಇ ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದಲ್ಲಿ ಆಗ ಅಂಗರಚನಾಶಾಸ್ತ್ರದ ಮೇಷ್ಟ್ರು. ದೇಹವನ್ನು ಕೆಡದಂತೆ ಇಟ್ಟು, 2010ರ ನವೆಂಬರಿನಲ್ಲಿ ವಿದ್ಯಾರ್ಥಿಗಳ ಮುಂದೆ ಅಪ್ಪನ ದೇಹಕ್ಕೆ ಚೂರಿ ಹಚ್ಚಿದರು. ಆ ಕೈ ನಡುಗಿತೋ ಇಲ್ಲವೋ ಎಂದು ಕೇಳುವುದು ನನಗೆ ಸಣ್ಣತನ ಅನಿಸುತ್ತದೆ. ಅಪ್ಪ ಹೇಳಿದ ಕೆಲಸ, ಮಗ ಮಾಡಿದ. ಆಮೇಲೆ ಅವರ ಕುಟುಂಬದ ಟ್ರಸ್ಟ್ ಈ ಭಾಗದಲ್ಲಿ ದೇಹದಾನದ ಪ್ರಚಾರಕ್ಕೆ ನಿಂತಿತು.

ನಿಮಗೂ ಮನಸ್ಸಿದ್ದರೆ ಒಂದು ಮಾತು. ಅರ್ಜಿ ತುಂಬಿ ಟ್ರಂಕಿನಲ್ಲಿಟ್ಟರೆ ಸಾಲದು. ಸಾವಿನ ಹೊತ್ತಿಗೆ ಕಾಲೇಜಿಗೆ ಫೋನ್ ಮಾಡಬೇಕಾದವರು ಮನೆಯವರು. ಅವರು ಒಲ್ಲೆ ಅಂದರೆ ದೇಹ ಮಣ್ಣಿಗೇ. ಮರಣೋತ್ತರ ಪರೀಕ್ಷೆಯಾದ ದೇಹವನ್ನು ಕಾಲೇಜುಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಇವತ್ತೇ ಊಟಕ್ಕೆ ಕೂತಾಗ ಮಕ್ಕಳಿಗೆ ಹೇಳಿಬಿಡಿ.