ಚೀನಾದ ಶರತ್ಕಾಲ: ದಕ್ಷಿಣದ ಊರೇ ಹೆಚ್ಚು ನಡುಗಿಸುವುದೇಕೆ?

ಕನ್ಯಾನ (ಬಂಟ್ವಾಳ): ಕೇರಳದ ಗಡಿಗೆ ತಾಗಿಕೊಂಡಿರುವ ಈ ಗ್ರಾಮದಲ್ಲಿ ಅಕ್ಟೋಬರ್ ಬಂದರೂ ಮಳೆ ಪೂರ್ತಿಯಾಗಿ ಬಿಟ್ಟಿರುವುದಿಲ್ಲ. ಬೆಳಗಿನ ಬಿಸಿಲನ್ನು ನಂಬಿ ಅಂಗಳದಲ್ಲಿ ಹರವಿದ್ದನ್ನು ಸಂಜೆಯ ಗುಡುಗು ಕೇಳಿದೊಡನೆ ಒಳಗೆ ತರಬೇಕು. ಪಂಚಾಂಗದಲ್ಲಿ ಶರದೃತು ಇದೆಯಾದರೂ ಕರಾವಳಿಯ ದಿನಬಳಕೆಯಲ್ಲಿ ಮಳೆಗಾಲ, ಚಳಿಗಾಲ, ಬೇಸಗೆ ಎಂಬ ಮೂರೇ ಲೆಕ್ಕ. ಹೀಗೆ ಬೆಳೆದವರು ವ್ಯಾಸಂಗಕ್ಕಾಗಿ ಚೀನಾಕ್ಕೆ ತೆರಳಿದಾಗ ಮೊದಲು ಎದುರಾಗುವುದು ಶರತ್ಕಾಲವೇ. ಅಲ್ಲಿನ ವಿಶ್ವವಿದ್ಯಾಲಯಗಳ ಶೈಕ್ಷಣಿಕ ವರ್ಷ ಆರಂಭವಾಗುವುದು ಸೆಪ್ಟೆಂಬರ್‌ನಲ್ಲಿ.

ಕೋವಿಡ್‌ಗೆ ಮುನ್ನ ಸುಮಾರು 23 ಸಾವಿರ ಭಾರತೀಯ ವಿದ್ಯಾರ್ಥಿಗಳು ಚೀನಾದಲ್ಲಿದ್ದರು. ಅವರಲ್ಲಿ ಬಹುಪಾಲು ವೈದ್ಯಕೀಯ ವಿದ್ಯಾರ್ಥಿಗಳು. 2020ರಲ್ಲಿ ಊರಿಗೆ ಮರಳಿದವರಿಗೆ ಮತ್ತೆ ವೀಸಾ ನೀಡಿಕೆ ಆರಂಭವಾದದ್ದು 2022ರ ಆಗಸ್ಟ್‌ನಲ್ಲಿ. ಉಭಯ ದೇಶಗಳ ನಡುವಿನ ನೇರ ವಿಮಾನ ಸಂಚಾರ ಪುನರಾರಂಭಗೊಂಡದ್ದು 2025ರ ಅಕ್ಟೋಬರ್‌ನಲ್ಲಿ. ಮಕ್ಕಳನ್ನು ಅಲ್ಲಿಗೆ ಕಳುಹಿಸುವ ಯೋಚನೆಯಲ್ಲಿರುವ ಮನೆಗಳಲ್ಲಿ ಯಾವ ಊರು ಎಂಬ ಪ್ರಶ್ನೆ ಬಂದಾಗ ದಕ್ಷಿಣದತ್ತ ಒಲವು ಸಹಜ. ದಕ್ಷಿಣವೆಂದರೆ ಬೆಚ್ಚಗಿರಬೇಕಲ್ಲ ಎಂಬುದು ನಮ್ಮವರ ತರ್ಕ. ಈ ತರ್ಕ ಅರ್ಧ ಮಾತ್ರ ಸರಿ.

ಚೀನಾವನ್ನು ಅಡ್ಡಲಾಗಿ ಸೀಳುವ ಒಂದು ರೇಖೆಯಿದೆ. ಛಿನ್‌ಲಿಂಗ್ ಪರ್ವತಶ್ರೇಣಿ ಹಾಗೂ ಹ್ವಾಯ್ ನದಿಯ ಗುಂಟ, ಸುಮಾರು 33 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ ಅದು ಹಾದುಹೋಗುತ್ತದೆ. 1950ರ ದಶಕದಲ್ಲಿ ಇಂಧನದ ಕೊರತೆಯಿದ್ದಾಗ, ಈ ರೇಖೆಯಿಂದ ಉತ್ತರಕ್ಕಿರುವ ನಗರಗಳಿಗೆ ಮಾತ್ರ ಸಾಮೂಹಿಕ ತಾಪನ ವ್ಯವಸ್ಥೆ ಒದಗಿಸುವ ನೀತಿ ರೂಪುಗೊಂಡಿತು. ಕೊಳವೆಗಳ ಮೂಲಕ ಬಿಸಿನೀರು ಮನೆಮನೆಯ ಕೋಣೆಗಳಿಗೆ ಹರಿಯುತ್ತದೆ. ಬೀಜಿಂಗ್‌ನಲ್ಲಿ ಇದರ ಅಧಿಕೃತ ಅವಧಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ. ದೂರದ ಹಾರ್ಬಿನ್‌ನಲ್ಲಿ ಅಕ್ಟೋಬರ್ 20ಕ್ಕೇ ಆರಂಭ. ರೇಖೆಯ ದಕ್ಷಿಣಕ್ಕಿರುವ ವುಹಾನ್, ಶಾಂಘೈಗಳಿಗೆ ಈ ಸೌಲಭ್ಯ ಸಾಮಾನ್ಯವಾಗಿ ಇಲ್ಲ. ಅಲ್ಲಿ ಹೊರಗೆ ಹಿಮ ಬೀಳುವುದು ಕಡಿಮೆಯಿದ್ದರೂ ತೇವ ತುಂಬಿದ ಚಳಿ ಕೋಣೆಯೊಳಗೇ ಮನೆಮಾಡುತ್ತದೆ. ಮೈನಸ್ ಹತ್ತು ಡಿಗ್ರಿಯ ಹೊರಾಂಗಣದಿಂದ ಒಳಬಂದ ಉತ್ತರದವನು ಸ್ವೆಟರ್ ಕಳಚುವಾಗ, ಐದು ಡಿಗ್ರಿಯ ದಕ್ಷಿಣದವನು ಕೋಣೆಯಲ್ಲೂ ಕೋಟು ತೊಟ್ಟೇ ಓದುತ್ತಾನೆ. ಹಲವು ಹಾಸ್ಟೆಲ್‌ಗಳಲ್ಲಿ ಹೆಚ್ಚು ವಿದ್ಯುತ್ ಎಳೆಯುವ ಹೀಟರ್‌ಗಳಿಗೆ ಅನುಮತಿಯೂ ಇರುವುದಿಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತದ ಬಳಿಯಿರುವ ಗ್ವಾಂಗ್‌ಝೌ ಮಾತ್ರ ಇದಕ್ಕೆ ಹೊರತು. ಅಲ್ಲಿ ನವೆಂಬರ್‌ನ ಸರಾಸರಿಯೂ 20 ಡಿಗ್ರಿ ಆಸುಪಾಸು.

ಶರತ್ಕಾಲ ಒಮ್ಮೆಗೇ ಇಳಿದುಬರುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಮರಳಿ ಏರುವ ಸೆಕೆಗೆ ಚೀನೀಯರು ಇಟ್ಟ ಹೆಸರು ‘ಶರತ್ಕಾಲದ ಹುಲಿ’. ನವರಾತ್ರಿಯಲ್ಲಿ ಹುಲಿವೇಷದ ತಾಸೆ ಸದ್ದಿಗೆ ಕಿವಿಗೊಡುವ ದಕ್ಷಿಣ ಕನ್ನಡದವರಿಗೆ ಈ ಹೆಸರು ಮೋಜೆನಿಸೀತು. ಸೂರ್ಯನ ಗತಿಯನ್ನು ಆಧರಿಸಿ ಅವರು ವರ್ಷವನ್ನು 24 ಪಾಲು ಮಾಡಿದ್ದಾರೆ. ಅಕ್ಟೋಬರ್ 8ರ ಸುಮಾರಿಗೆ ‘ತಣ್ಣನೆಯ ಇಬ್ಬನಿ’, 23ರ ಸುಮಾರಿಗೆ ‘ಹಿಮಮಣಿ ಇಳಿತ’. ಸಂಕ್ರಮಣದಿಂದ ತಿಂಗಳು ಎಣಿಸುವ ತುಳುವರಿಗೆ ಈ ಸೌರ ಲೆಕ್ಕ ತೀರಾ ಅಪರಿಚಿತವಲ್ಲ. ಬೊಂತೆಲ್ ತಿಂಗಳು ಕಾಲಿಡುವುದೂ ಇವೆರಡರ ನಡುವೆಯೇ.

ತಾಪಮಾನ ಇಳಿದದ್ದನ್ನು ಮೊದಲು ಸಾರುವುದು ಊರಿನಿಂದ ಒಯ್ದ ತೆಂಗಿನೆಣ್ಣೆಯ ಬಾಟಲಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ದೀಪಾವಳಿಯ ಎಣ್ಣೆಸ್ನಾನಕ್ಕೆ ಬಾಟಲಿಯನ್ನು ಬಿಸಿನೀರಿನಲ್ಲಿ ಅದ್ದಿಡಬೇಕು. ಪುಣ್ಯಕ್ಕೆ ಕುದಿದ ನೀರಿಗೆ ಅಲ್ಲಿ ಬರವಿಲ್ಲ. ತಣ್ಣೀರು ಕುಡಿಯದ ರೂಢಿಯ ಆ ದೇಶದಲ್ಲಿ ರೈಲಿನ ಬೋಗಿ, ನಿಲ್ದಾಣ, ಹಾಸ್ಟೆಲ್ ಎಲ್ಲೆಡೆ ಬಿಸಿನೀರಿನ ನಲ್ಲಿಯುಂಟು. ಒಂದು ಫ್ಲಾಸ್ಕ್ ಇದ್ದರೆ ಚಹಾದಿಂದ ಹಿಡಿದು ಹಾಸಿಗೆಯಲ್ಲಿ ಇಟ್ಟುಕೊಳ್ಳುವ ಬಿಸಿನೀರಿನ ಚೀಲದವರೆಗೆ ಎಲ್ಲವೂ ಸಾಧ್ಯ. ಬೀದಿಬದಿಯಲ್ಲಿ ಸುಟ್ಟ ಗೆಣಸು, ಮರಳಿನಲ್ಲಿ ಹುರಿದ ಚೆಸ್ಟ್‌ನಟ್ ಸಿಗುತ್ತವೆ. ಬೆಳಗಿನ ಕ್ಯಾಂಟೀನಿನಲ್ಲಿ ಹಬೆಯಾಡುವ ಅಕ್ಕಿಗಂಜಿ, ಜತೆಗೆ ಉಪ್ಪಿನಲ್ಲಿ ಹಾಕಿದ ತರಕಾರಿ. ಕುಚ್ಚಲಕ್ಕಿಯ ರುಚಿ ಇದಕ್ಕಿಲ್ಲ. ಆದರೆ ಗಂಜಿ-ಉಪ್ಪಿನಕಾಯಿಯಲ್ಲಿ ಬೆಳೆದವರ ಹೊಟ್ಟೆ ಇದನ್ನು ತಕ್ಷಣ ಗುರುತಿಸುತ್ತದೆ.

ಈ ಸುಖಗಳೆಲ್ಲ ಹಣ ಕೊಟ್ಟರೆ, ಅಥವಾ ಕೊಡದೆಯೂ ಸಿಗುವಂಥವು. ಕಷ್ಟವಿರುವುದು ಮನೆಯವರ ದನಿ ಕೇಳುವುದರಲ್ಲಿ. ವಾಟ್ಸ್ಆ್ಯಪ್‌ಗೆ ಚೀನಾದಲ್ಲಿ ತಡೆಯಿದೆ. ಅಲ್ಲಿ ಎಲ್ಲರೂ ಬಳಸುವ ವಿಚಾಟ್‌ ಅನ್ನು ಭಾರತ 2020ರ ಜೂನ್‌ನಲ್ಲಿ ನಿಷೇಧಿಸಿತು. ಹಾಗಾಗಿ ಮಗಳ ಕೈಯಲ್ಲಿರುವ ಆ್ಯಪ್ ಅಮ್ಮನ ಬಳಿ ಇಲ್ಲ, ಅಮ್ಮನದು ಮಗಳ ಬಳಿ ನಡೆಯದು. ವಿಮಾನ ಹತ್ತುವ ಮೊದಲೇ, ಎರಡೂ ಕಡೆ ನಡೆಯುವ ದಾರಿ ಯಾವುದೆಂದು ಗೊತ್ತುಮಾಡಿಕೊಳ್ಳುವುದು ಕಂಬಳಿ ಕಟ್ಟಿಕೊಳ್ಳುವಷ್ಟೇ ಅಗತ್ಯ. ಚೀನಾದ ಗಡಿಯಾರ ಎರಡೂವರೆ ಗಂಟೆ ಮುಂದಿದೆ. ಕನ್ಯಾನದಲ್ಲಿ ರಾತ್ರಿ ಎಂಟೂವರೆಗೆ ಊಟ ಮುಗಿಸಿ ಕರೆ ಮಾಡಿದರೆ ವುಹಾನ್‌ನಲ್ಲಿ ಹನ್ನೊಂದು ಗಂಟೆ.