ಮೈಸೂರಿನ ಜಾವಾ: ಕವಾಟವಿಲ್ಲದ ಎಂಜಿನ್ನು

ವಾಹನದ ಬಲವನ್ನು ಹೆಚ್ಚಿಸುವ ಬಗೆ ಯಾವುದು? 1964ರಲ್ಲಿ ಅಮೆರಿಕದ ಪಾಂಟಿಯಾಕ್ ಸಂಸ್ಥೆಯು ತನ್ನ ಜಿ.ಟಿ.ಒ. ಕಾರಿಗೆ ಸುಮಾರು 6,400 ಘನ ಸೆಂಟಿಮೀಟರಿನ ಭಾರಿ ಎಂಜಿನ್ನನ್ನು ತೊಡಿಸಿ ಒಂದು ಉತ್ತರವನ್ನು ಕೊಟ್ಟಿತು. ಅದಕ್ಕೆ ಮೊದಲೇ, 1961ರಲ್ಲಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಚೆಕೊಸ್ಲೊವಾಕಿಯದ ವಿನ್ಯಾಸದಂತೆ ತಯಾರಿಸತೊಡಗಿದ ಮೋಟಾರ್ ಸೈಕಲ್ಲಿನಲ್ಲಿ ಬೇರೊಂದು ಉತ್ತರವಿತ್ತು.

ಇದರ ಸಿಲಿಂಡರಿನ ವ್ಯಾಸ 65 ಮಿ.ಮೀ.; ಪಿಸ್ಟನ್ನಿನ ಓಟ 75 ಮಿ.ಮೀ. ವಾಚಕರೇ ಲೆಕ್ಕ ಹಾಕಬಹುದು: ಗಾತ್ರವು ಸುಮಾರು 249 ಘನ ಸೆಂ.ಮೀ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ದಂಡವು ಎರಡು ಸುತ್ತು ತಿರುಗುವಾಗ ಇಂಧನವು ಒಮ್ಮೆ ಉರಿಯುತ್ತದೆ. ಜಾವಾದ ಎರಡು ಹೊಡೆತದ ಎಂಜಿನ್ನಿನಲ್ಲಾದರೋ ಸುತ್ತಿಗೊಮ್ಮೆ ಉರಿಯುತ್ತದೆ. ಅದಕ್ಕೆ ಕವಾಟಗಳೇ ಇಲ್ಲ. ಚಲಿಸುವ ಪಿಸ್ಟನ್ನೇ ರಂಧ್ರಗಳನ್ನು ತೆರೆದು ಮುಚ್ಚುತ್ತದೆ.

ಈ ಸರಳತೆಯಲ್ಲಿಯೇ ದೋಷವೂ ಅಡಗಿತ್ತು. ಸುಟ್ಟ ಅನಿಲವು ಹೊರಹೋಗುವ ರಂಧ್ರ ಮುಚ್ಚುವ ಮೊದಲೇ ಹೊಸ ಮಿಶ್ರಣವು ಒಳನುಗ್ಗುವುದರಿಂದ, ಅದರ ಒಂದು ಪಾಲು ಉರಿಯದೆ ಹೊರಬೀಳುತ್ತದೆ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯು ನೀಲಿ ಹೊಗೆಯಾಗುತ್ತದೆ. ಮುಂದೆ ಯೆಜ್ಡಿ ಎಂಬ ಹೆಸರು ತಳೆದ ಈ ವಾಹನವು, ಮಿತವಾಗಿ ಪೆಟ್ರೋಲ್ ಕುಡಿಯುವ ನಾಲ್ಕು ಹೊಡೆತದ ಸಣ್ಣ ವಾಹನಗಳ ಮುಂದೆ ನಿಲ್ಲಲಾರದಾಯಿತು. 1996ರಲ್ಲಿ ಕಾರ್ಖಾನೆಯು ಮುಚ್ಚಿತು.

ಹುಣಸೂರಿನ ಹಾದಿಯಲ್ಲಿ ಹಳೆಯ ಜಾವಾ ಎದುರಾದರೆ ಅದರ ಹೊಗೆಯನ್ನು ಗಮನಿಸಿರಿ. 2018ರಲ್ಲಿ ಜಾವಾ ಎಂಬ ಹೆಸರು ಭಾರತದ ಮಾರುಕಟ್ಟೆಗೆ ಮರಳಿ ಬಂದಿತು. ಆದರೆ ಎಂಜಿನ್ನು ನಾಲ್ಕು ಹೊಡೆತದ್ದು.