ಏರುದಾರಿಯ ಗಾಡಿಯೂ ಎಂಬತ್ತು ಆಂಪಿಯರೂ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ತೋಟಗಳು ಬಹುಮಟ್ಟಿಗೆ ಬೆಟ್ಟಗಳ ನಡುವಣ ತಗ್ಗಿನಲ್ಲಿವೆ. ಮನೆ, ಅಂಗಳ, ಅಡಿಕೆ ಬೇಯಿಸುವ ಒಲೆಗಳೆಲ್ಲ ಮೇಲಿನ ದಿಬ್ಬದಲ್ಲಿ. ಕೊನೆಕೊಯ್ಲಿನ ದಿನಗಳಲ್ಲಿ ಹಸಿಗೊನೆಗಳ ಹೊರೆಯನ್ನು ಬಸಿಗಾಲುವೆಯ ಸಂಕ ದಾಟಿಸಿ, ದರೆಯ ಓರೆದಾರಿಯಲ್ಲಿ ಮೇಲಕ್ಕೆ ತರುವ ಶ್ರಮ ಎಂತಹುದೆಂಬುದನ್ನು ಹೊತ್ತವನೇ ಬಲ್ಲ. ಹೊರುವ ಆಳುಗಳು ದೊರೆಯುವುದೇ ದುರ್ಲಭವಾಗಿರುವ ಈ ಕಾಲದಲ್ಲಿ, ಬ್ಯಾಟರಿಯಿಂದ ನಡೆಯುವ ಕೈಗಾಡಿಯೊಂದನ್ನು ತಾನೇ ನಿರ್ಮಿಸಬೇಕೆಂಬ ಆಸೆ ಊರಿನ ತರುಣನಲ್ಲಿ ಮೂಡಿದರೆ, ಅದು ಸಹಜವೂ ಹೌದು, ಶ್ಲಾಘ್ಯವೂ ಹೌದು.

ಇಂತಹ ಗಾಡಿಗೆ 24 ವೋಲ್ಟಿನ, 250 ವ್ಯಾಟಿನ ಡಿ.ಸಿ. ಮೋಟಾರನ್ನು ಆರಿಸಿಕೊಂಡೆವೆನ್ನೋಣ, ಪೂರ್ಣ ಹೊರೆಯೊಡನೆ ನಡೆಯುವಾಗ ಅದು ಸುಮಾರು 14 ಆಂಪಿಯರ್ ವಿದ್ಯುತ್ಪ್ರವಾಹವನ್ನು ಎಳೆಯುತ್ತದೆ. ಅದರ ವೇಗವನ್ನು ಆಳಬೇಕಾದ ಮೈಕ್ರೋಕಂಟ್ರೋಲರಾದರೋ, ಆರ್ಡುಯಿನೋ ಊನೋದಲ್ಲಿರುವಂತಹುದು, ತನ್ನ ಒಂದು ಕಾಲಿನಿಂದ ಕೊಡಬಲ್ಲ ಪ್ರವಾಹದ ಪರಮಾವಧಿಯೇ 40 ಮಿಲಿಆಂಪಿಯರ್.

ಆದಕಾರಣ ಇವೆರಡರ ನಡುವೆ ಮಾಸ್‌ಫೆಟ್ ಎಂಬ ಮಧ್ಯಸ್ಥನು ಬೇಕಾಗುತ್ತಾನೆ. ತೂಬಿನ ಹಲಗೆಯನ್ನೆತ್ತುವ ಕೈ ಕೆರೆಯ ನೀರನ್ನು ತಾನು ಹೊರುವುದಿಲ್ಲ. ಅಂತೆಯೇ ಮೈಕ್ರೋಕಂಟ್ರೋಲರು ಮಾಸ್‌ಫೆಟ್ಟಿನ ಗೇಟನ್ನು ಮಾತ್ರ ತೆರೆದು ಮುಚ್ಚುತ್ತದೆ, ಪ್ರವಾಹವು ಬ್ಯಾಟರಿಯಿಂದ ಮೋಟಾರಿಗೆ ತನ್ನದೇ ದಪ್ಪ ತಂತಿಯಲ್ಲಿ ಹರಿಯುತ್ತದೆ. ಸೆಕೆಂಡಿಗೆ ಸಹಸ್ರಾರು ಬಾರಿ ತೆರೆದು ಮುಚ್ಚಿ, ತೆರೆದಿರುವ ಕಾಲಾಂಶವನ್ನು ಹೆಚ್ಚಿಸುತ್ತ ಹೋದಂತೆ ಗಾಡಿಯ ವೇಗವೂ ಹೆಚ್ಚುತ್ತದೆ, ಇದಕ್ಕೆ ಪಿ.ಡಬ್ಲ್ಯು.ಎಂ. ಎಂದು ಹೆಸರು. ಅನೇಕ ಮಾಸ್‌ಫೆಟ್ಟುಗಳು 5 ವೋಲ್ಟಿಗೆ ಅರ್ಧವೇ ತೆರೆದು ಕಾಯತೊಡಗುವುದರಿಂದ, ಗೇಟಿಗೆ 10–12 ವೋಲ್ಟು ಒದಗಿಸುವ ಡ್ರೈವರೊಂದನ್ನು ಜೋಡಿಸಬೇಕು. ಪ್ರವಾಹವನ್ನು ತಟ್ಟನೆ ಕಡಿದಾಗ ಮೋಟಾರಿನ ಸುರುಳಿ ಎಬ್ಬಿಸುವ ಭಾರೀ ವೋಲ್ಟೇಜಿಗೆ ಹಿಂದಿರುಗುವ ದಾರಿಯಾಗಿ ಡಯೋಡೊಂದನ್ನೂ ಇಡಬೇಕು.

ಇಷ್ಟನ್ನೂ ಮಾಡಿದವನ ಗಾಡಿಯೂ ಒಮ್ಮೊಮ್ಮೆ ಸುಟ್ಟುಹೋಗುತ್ತದೆ. ಕಾರಣವೆಂತೆಂದರೆ, ತಿರುಗುತ್ತಿರುವ ಮೋಟಾರು ತನ್ನೊಳಗೇ ಒಂದು ಪ್ರತಿವೋಲ್ಟೇಜನ್ನು ಉತ್ಪಾದಿಸಿ ಬ್ಯಾಟರಿಯನ್ನು ತಡೆಯುತ್ತಿರುತ್ತದೆ. ನಿಂತ ಮೋಟಾರಿಗೆ ಆ ತಡೆಯಿಲ್ಲ. ಸುರುಳಿ ಮತ್ತು ತಂತಿಗಳ ಒಟ್ಟು ರೋಧ 0.3 ಓಮ್ ಇದ್ದರೆ, 24ನ್ನು 0.3ರಿಂದ ಭಾಗಿಸಿದಾಗ ಬರುವ 80 ಆಂಪಿಯರ್ ಆ ಕ್ಷಣದಲ್ಲಿ ನುಗ್ಗುತ್ತದೆ. ಅದು ಮೈಕ್ರೋಕಂಟ್ರೋಲರಿನ ಪರಮಾವಧಿಗೆ 2000 ಪಟ್ಟು. 0.01 ಓಮ್ ರೋಧದ ಮಾಸ್‌ಫೆಟ್ಟಿನಲ್ಲಿ 14 ಆಂಪಿಯರಿಗೆ ಹುಟ್ಟುವ ಶಾಖ ಸುಮಾರು 2 ವ್ಯಾಟು. 80 ಆಂಪಿಯರಿಗೆ 64 ವ್ಯಾಟು. ಪ್ರವಾಹ ಆರು ಪಟ್ಟಿಗೂ ಕಡಮೆ ಬೆಳೆದರೆ ಶಾಖ ಮೂವತ್ತೆರಡು ಪಟ್ಟಾಗುತ್ತದೆ.

ಹೊರಡುವಾಗ ವೇಗವನ್ನು ಮೆಲ್ಲಮೆಲ್ಲನೆ ಏರಿಸುವಂತೆ ಪ್ರೋಗ್ರಾಮು ಬರೆದು ಈ ನುಗ್ಗನ್ನು ತಗ್ಗಿಸಬಹುದು, ನಿಜ. ಆದರೆ ಏರುದಾರಿಯ ಮಧ್ಯದಲ್ಲಿ ಗಾಲಿಯು ಅಡಿಕೆಮರದ ಬೇರಿಗೋ ಕಲ್ಲಿಗೋ ತಡೆದು ನಿಂತಿತೆಂದರೆ, ಗುಂಡಿಯನ್ನು ಒತ್ತಿಹಿಡಿದವನ ಅರಿವಿಗೆ ಬರುವ ಮೊದಲೇ ಮೋಟಾರು ಪುನಃ ಆ ನಿಶ್ಚಲ ಸ್ಥಿತಿಗೇ ಬಂದಿರುತ್ತದೆ. ಆದುದರಿಂದ ಪ್ರವಾಹವನ್ನು ಅಳೆದು, ಮಿತಿ ಮೀರಿದೊಡನೆ ಗೇಟನ್ನು ಮುಚ್ಚಿಸುವ ಸಂವೇದಕವು ಮಲೆನಾಡಿನ ಗಾಡಿಗೆ ಅತ್ಯಾವಶ್ಯಕ. ಮೈಕ್ರೋಕಂಟ್ರೋಲರು ಎಚ್ಚರಗೊಳ್ಳುವ ಮುನ್ನ ಗಾಡಿ ತಾನಾಗಿ ಹೊರಡದಂತೆ ಗೇಟಿನಿಂದ ನೆಲತಂತಿಗೆ 10 ಕಿಲೋಓಮ್ ರೋಧಕವನ್ನು ಸೇರಿಸಬೇಕು. ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸಿರಬೇಕು.

ಅಂಗಳದ ಸಮನೆಲದಲ್ಲಿ ಓಡಿತೆಂದು ತೃಪ್ತರಾಗದೆ, ದರೆಯ ಏರಿನಲ್ಲಿ ಹೊರೆಸಹಿತ ನಿಲ್ಲಿಸಿ, ಅಲ್ಲಿಂದಲೇ ಹೊರಡಿಸಿ, ಮಾಸ್‌ಫೆಟ್ಟಿನ ಬಿಸಿಯನ್ನು ಅಳೆದು ನೋಡಿದ ಬಳಿಕವೇ ಗಾಡಿಯನ್ನು ತೋಟಕ್ಕಿಳಿಸಬೇಕೆಂದು ಈ ಕಾರ್ಯಕ್ಕೆ ಕೈಹಾಕುವ ತರುಣರಲ್ಲಿ ನನ್ನ ವಿಜ್ಞಾಪನೆ.